ದಂಡಿನ ಫುಟ್‌ಬಾಲ್: ಬ್ಯಾಂಗಲೋರ್ ಮುಸ್ಲಿಮ್ಸ್‌ನಿಂದ ಈಚೆಗೆ

ಬೆಂಗಳೂರಿನ ಫುಟ್‌ಬಾಲ್ ಎಂದರೆ ಈಗಿನ ಹುಡುಗರಿಗೆ ನೀಲಿ ಜೆರ್ಸಿ, ಕಂಠೀರವ ಕ್ರೀಡಾಂಗಣ, ಸುನಿಲ್ ಛೆಟ್ರಿ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಅದಕ್ಕೂ 76 ವರ್ಷ ಮೊದಲು, 1937ರಲ್ಲಿ, ದಂಡು ಪ್ರದೇಶದ ಒಂದು ಕ್ಲಬ್ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದುಕೊಂಡು ಬಂದಿತ್ತು. ಅದರ ಹೆಸರು ಬ್ಯಾಂಗಲೋರ್ ಮುಸ್ಲಿಮ್ಸ್. 1891ರಲ್ಲಿ ಆರಂಭವಾದ ಆ ಟೂರ್ನಿ ಅಲ್ಲಿಯವರೆಗೂ ಬ್ರಿಟಿಷ್ ಪಲ್ಟನ್‌ಗಳ ಸ್ವತ್ತಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಇದೇ. ಫೈನಲ್‌ನಲ್ಲಿ ಸೋತದ್ದು ಸಣ್ಣ ತಂಡವಲ್ಲ. ಕೋಲ್ಕತ್ತಾ ಲೀಗನ್ನು ವರ್ಷವರ್ಷವೂ ಬಾಚಿಕೊಳ್ಳುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. 1938ರಲ್ಲಿ ಕಪ್ ಮತ್ತೆ ಇಲ್ಲಿಗೇ ಬಂತು, 1948ರಲ್ಲಿ ಮೂರನೆಯ ಸಲ. ಮೋಹನ್ ಬಾಗನ್ 1911ರಲ್ಲಿ ಐಎಫ್‌ಎ ಶೀಲ್ಡ್ ಗೆದ್ದ ಕಥೆ ಬಂಗಾಳದ ಮಕ್ಕಳಿಗೆಲ್ಲ ಗೊತ್ತು. ಬ್ಯಾಂಗಲೋರ್ ಮುಸ್ಲಿಮ್ಸ್ ಗೆದ್ದದ್ದು ಬೆಂಗಳೂರಿನವರಿಗೇ ಗೊತ್ತಿಲ್ಲ.

ಮೂಲ ಹುಡುಕಿದರೆ ದಂಡಿಗೇ ಹೋಗಬೇಕು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ಸೇನಾ ನೆಲೆಯನ್ನು ಹಲಸೂರಿನ ಕಡೆಗೆ ತಂದರು. ಸೈನ್ಯದ ಬೆನ್ನಿಗೆ ದರ್ಜಿಗಳು, ಅಗಸರು, ಅಡುಗೆಯವರು, ಚರ್ಮದ ಕೆಲಸದವರು, ಗುತ್ತಿಗೆದಾರರು ಬಂದರು. ತಮಿಳು, ಉರ್ದು, ತೆಲುಗು, ಕನ್ನಡ, ಆಂಗ್ಲೋ ಇಂಡಿಯನ್ನರ ಇಂಗ್ಲಿಷ್ ಒಂದೇ ಬೀದಿಯಲ್ಲಿ ಕೇಳಿಸುವ ಊರೊಂದು ಬೆಳೆಯಿತು. ಪರೇಡ್ ಮೈದಾನಗಳಲ್ಲಿ ಸಿಪಾಯಿಗಳು ಆಡುತ್ತಿದ್ದುದನ್ನು ಸುತ್ತಲಿನ ಕೇರಿಯ ಹುಡುಗರು ನೋಡಿ ಕಲಿತರು. ಬೂಟು ಕೊಳ್ಳುವ ಶಕ್ತಿ ಇರಲಿಲ್ಲ, ಹಾಗಾಗಿ ಬರಿಗಾಲಲ್ಲೇ ಆಡಿದರು. ಬೂಟು ಹಾಕಿದ ಎದುರಾಳಿಯ ಮುಂದೆ ಬರಿಗಾಲಿನವನು ಉಳಿಯಬೇಕಾದರೆ ಚೆಂಡು ಅವನ ಹತ್ತಿರ ಹೆಚ್ಚು ಹೊತ್ತು ಇರಬಾರದು, ಇದ್ದಷ್ಟು ಹೊತ್ತು ಪಾದಕ್ಕೆ ಅಂಟಿಕೊಂಡಿರಬೇಕು. ಚಿಕ್ಕ ಪಾಸು, ಚುರುಕಾದ ತಿರುವು ಈ ಭಾಗದ ಆಟದ ಗುರುತಾದದ್ದು ಹೀಗೆ ಎಂಬುದು ನನ್ನ ನಂಬಿಕೆ. 1938ರಲ್ಲಿ ಸ್ಟಾಫರ್ಡ್ ಕಪ್ ಶುರುವಾದಾಗ ಹೊರಗಿನ ತಂಡಗಳೂ ಇಲ್ಲಿಗೆ ಬಂದು ಆಡುವ ವೇದಿಕೆ ಸಿಕ್ಕಿತು.

ಬರಿಗಾಲಿನ ಈ ಪೀಳಿಗೆಯ ದೊಡ್ಡ ಹೆಸರು ಅಹ್ಮದ್ ಖಾನ್. ಬೆಂಗಳೂರಿನ ಕ್ಲಬ್‌ಗಳಲ್ಲಿ ಬೆಳೆದು, 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಆಡಿದವರು. 1951ರ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು. 1948ರಲ್ಲಿ ಲಂಡನ್ ಹೊರವಲಯದ ಇಲ್‌ಫರ್ಡ್‌ನಲ್ಲಿ ಸ್ವತಂತ್ರ ಭಾರತ ತನ್ನ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿದ್ದರು. ಸಿಕ್ಕ ಎರಡು ಪೆನಾಲ್ಟಿಗಳೂ ಕೈತಪ್ಪಿ, ಫ್ರಾನ್ಸ್ 2-1ರಿಂದ ಗೆದ್ದಿತು. ಭಾರತದ ಆ ಏಕೈಕ ಗೋಲು ಹೊಡೆದವರು ಮೈಸೂರು ರಾಜ್ಯದ ಆಟಗಾರ ಸಾರಂಗಪಾಣಿ ರಾಮನ್.

ಮರುವರ್ಷ ಅಹ್ಮದ್ ಖಾನ್ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ಅವರೂ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಅವರೂ ಕೂಡಿದ ಮುಂಪಡೆಗೆ ಬಂಗಾಳಿಗಳು ಪಂಚಪಾಂಡವರು ಎಂದು ಹೆಸರಿಟ್ಟರು. ಅಲ್ಲಿಂದ ಮುಂದೆ ಇದೊಂದು ರೂಢಿಯೇ ಆಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದ ಕೆಂಪಯ್ಯ, 1962ರಲ್ಲಿ ಜಕಾರ್ತಾದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ, ಆಮೇಲೆ ಉಲಗನಾಥನ್, ಬಾಬು ಮಣಿ: ಎಲ್ಲರೂ ಇಲ್ಲಿಂದ ಕೋಲ್ಕತ್ತಾಕ್ಕೆ ಹೋಗಿ ಹೆಸರು ಮಾಡಿದವರು. ಅಲ್ಲಿ ಹಣವಿತ್ತು, ತುಂಬಿದ ಗ್ಯಾಲರಿ ಇತ್ತು, ಮರುದಿನ ಪತ್ರಿಕೆಯಲ್ಲಿ ಹೆಸರಿತ್ತು. ಹೋದವರನ್ನು ದೂರುವಂತಿಲ್ಲ. ಅಹ್ಮದ್ ಖಾನ್ ಕೊನೆಗೆ ತವರಿಗೇ ಮರಳಿ, 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಇಷ್ಟು ಜನ ಹೊರಟುಹೋದ ಮೇಲೂ ರಾಜ್ಯ ತಂಡ ಬಡವಾಗಲಿಲ್ಲ. 1946-47, 1952-53, 1967-68, 1968-69ರಲ್ಲಿ ಮೈಸೂರು ಸಂತೋಷ್ ಟ್ರೋಫಿ ಗೆದ್ದಿತು. ನಾಲ್ಕು ಸಲವೂ ಫೈನಲ್‌ನಲ್ಲಿ ಸೋತದ್ದು ಬಂಗಾಳವೇ.

ಇದರ ಹಿಂದಿನ ಬಲ ಕಾರ್ಖಾನೆಗಳದು. ಪೂರ್ವ ಬೆಂಗಳೂರಿನ ಫುಟ್‌ಬಾಲ್‌ನಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಅಧ್ಯಾಯವೂ ಇದೇ. 1940ರಲ್ಲಿ ಹಳೇ ವಿಮಾನ ನಿಲ್ದಾಣದ ಕಡೆ ಎಚ್‌ಎಎಲ್, 1948ರಲ್ಲಿ ಕೆ.ಆರ್. ಪುರದ ಹತ್ತಿರ ದೂರವಾಣಿನಗರದಲ್ಲಿ ಐಟಿಐ ಶುರುವಾದವು. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆಗಳ ಜೊತೆಗೆ ಮೈದಾನವೂ ಬಂತು, ಕಂಪನಿ ತಂಡವೂ ಬಂತು. ಗೌತಮಪುರದ ಅಥವಾ ಆಸ್ಟಿನ್ ಟೌನ್‌ನ ಹುಡುಗ ಚೆನ್ನಾಗಿ ಆಡಿದರೆ ಟ್ರಯಲ್ಸ್‌ಗೆ ಕರೆ ಬರುತ್ತಿತ್ತು. ಆಯ್ಕೆಯಾದರೆ ಖಾಯಂ ನೌಕರಿ. ಬೆಳಗ್ಗೆ ಅಭ್ಯಾಸ, ಆಮೇಲೆ ಶಾಪ್‌ಫ್ಲೋರ್, ಟೂರ್ನಿ ಇದ್ದಾಗ ರಜೆ. ಮೊಣಕಾಲು ಕೆಟ್ಟು ಆಟ ನಿಂತರೂ ಸಂಬಳ ನಿಲ್ಲುತ್ತಿರಲಿಲ್ಲ, ಕೊನೆಗೆ ಪಿಂಚಣಿ. ಬಡ ಮನೆಯ ತಂದೆತಾಯಿ ಮಗನನ್ನು ಮೈದಾನಕ್ಕೆ ಧೈರ್ಯವಾಗಿ ಕಳಿಸಿದ್ದು ಈ ಭರವಸೆಯ ಮೇಲೆ.

1977ರಲ್ಲಿ ದೇಶದ ಕ್ಲಬ್‌ಗಳಿಗೆಂದು ಫೆಡರೇಷನ್ ಕಪ್ ಆರಂಭವಾದಾಗ ಕೋಲ್ಕತ್ತಾದವರೇ ಗೆಲ್ಲುತ್ತಾರೆ ಎಂದು ಎಲ್ಲರ ಎಣಿಕೆ. ಎರ್ನಾಕುಲಂನ ಫೈನಲ್‌ನಲ್ಲಿ ಐಟಿಐ ತಂಡ ಮೋಹನ್ ಬಾಗನ್ ಅನ್ನು 1-0ರಿಂದ ಸೋಲಿಸಿತು. ಟೆಲಿಫೋನ್ ತಯಾರಿಸುವ ಕಾರ್ಖಾನೆಯ ನೌಕರರು ಮೊದಲ ಫೆಡರೇಷನ್ ಕಪ್ ಗೆದ್ದರು. ಬೆಂಗಳೂರಿನ ಕ್ಲಬ್ ಫುಟ್‌ಬಾಲ್‌ಗೆ ಇದಕ್ಕಿಂತ ಎತ್ತರದ ದಿನ ಇನ್ನೊಂದಿಲ್ಲ ಎಂದು ನಾನು ಹೇಳುತ್ತೇನೆ. ಬೆಂಗಳೂರು ಎಫ್‌ಸಿಯ 2014ರ ಐ-ಲೀಗ್ ಪ್ರಶಸ್ತಿಯನ್ನೂ ಲೆಕ್ಕಕ್ಕೆ ಹಿಡಿದೇ ಈ ಮಾತು.

ಕಾರ್ಖಾನೆಗೆ ಆಟಗಾರರನ್ನು ಕೊಟ್ಟದ್ದು ಕೇರಿಗಳು. ಹಲಸೂರಿನ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಜನ ತಮಗೆ ದಾರಿ ತೋರಿದವರ ಸಾಲಿನಲ್ಲಿ ಒಬ್ಬ ಆಟಗಾರನನ್ನು ನಿಲ್ಲಿಸಿದ್ದಾರೆ ಎಂದರೆ, ಫುಟ್‌ಬಾಲ್ ಅಲ್ಲಿ ಸಂಜೆಯ ಹೊತ್ತು ಕಳೆಯುವ ಆಟವಷ್ಟೇ ಆಗಿರಲಿಲ್ಲ, ಮರ್ಯಾದೆಯ ಬದುಕಿಗೆ ಒಂದು ಬಾಗಿಲಾಗಿತ್ತು. ಈ ಊರೇ ಕೊಟ್ಟ ಕಾರ್ಲ್‌ಟನ್ ಚಾಪ್‌ಮನ್ ಟಾಟಾ ಅಕಾಡೆಮಿ ಮೂಲಕ ಈಸ್ಟ್ ಬೆಂಗಾಲ್ ಸೇರಿ, 1993ರಲ್ಲಿ ಇರಾಕ್‌ನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದು, ಮುಂದೆ ಭಾರತದ ನಾಯಕರಾದರು. 2020ರಲ್ಲಿ, ಐವತ್ತು ತುಂಬುವ ಮೊದಲೇ ಹೋಗಿಬಿಟ್ಟರು.

1991ರ ನಂತರ ಸಾರ್ವಜನಿಕ ಉದ್ದಿಮೆಗಳಲ್ಲಿ ನೇಮಕಾತಿ ಕುಗ್ಗಿತು. ಮೊಬೈಲ್ ಬಂದಮೇಲೆ ಐಟಿಐ ಸೊರಗಿತು. ಎಚ್‌ಎಎಲ್ ತಂಡ ಮಾತ್ರ ಹಟ ಹಿಡಿದು 2010ರಲ್ಲಿ ಐ-ಲೀಗ್‌ವರೆಗೂ ಏರಿತು. ಕೋಟಿಗಟ್ಟಲೆ ಸುರಿಯುವ, ವಿದೇಶಿ ಆಟಗಾರರನ್ನು ತರುವ ಕ್ಲಬ್‌ಗಳ ಎದುರು ಹೆಚ್ಚು ಕಾಲ ನಿಲ್ಲಲಾಗದೆ 2011-12ರಲ್ಲಿ ಕೆಳಗಿಳಿಯಿತು. ಮರುವರ್ಷ ಜೆಎಸ್‌ಡಬ್ಲ್ಯು ಒಡೆತನದಲ್ಲಿ ಬೆಂಗಳೂರು ಎಫ್‌ಸಿ ಬಂತು. ಮೊದಲ ಋತುವಿನಲ್ಲೇ ಐ-ಲೀಗ್, 2016ರಲ್ಲಿ ಎಎಫ್‌ಸಿ ಕಪ್ ಫೈನಲ್, 2018-19ರಲ್ಲಿ ಐಎಸ್‌ಎಲ್: ವೃತ್ತಿಪರತೆ ಏನೆಂದು ಅದು ತೋರಿಸಿಕೊಟ್ಟಿತು, ಸಂಸಾರ ಸಮೇತ ಪಂದ್ಯಕ್ಕೆ ಬರುವ ಹೊಸ ಪ್ರೇಕ್ಷಕರನ್ನು ತಂದಿತು. ಇದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಕಂಪನಿ ತಂಡಗಳು ಕೊಡುತ್ತಿದ್ದ ಜೀವಮಾನದ ಭದ್ರತೆಯನ್ನು ಲೀಗ್ ಒಪ್ಪಂದ ಕೊಡುವುದಿಲ್ಲ. ಈ ನಡುವೆ ರಾಜ್ಯ ತಂಡಕ್ಕೂ ಮತ್ತೆ ಗೆಲುವು ಬಂತು: 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಮೇಲೆ ರಾಜ್ಯ ಸಂತೋಷ್ ಟ್ರೋಫಿ ಗೆದ್ದಿತು. ಕರ್ನಾಟಕ ಎಂಬ ಹೆಸರಿನಲ್ಲಿ ಇದೇ ಮೊದಲು.

ಗೆದ್ದದ್ದರ ನೆನಪು ಕಾಪಾಡುವುದರಲ್ಲಿ ಮಾತ್ರ ನಾವು ಹಿಂದೆ. ಇಂಗ್ಲೆಂಡಿನ ಶೆಫೀಲ್ಡ್ ಎಫ್‌ಸಿ 1857ರಲ್ಲಿ ಹುಟ್ಟಿದ, ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಕ್ಲಬ್. ಇವತ್ತಿಗೂ ಅದು ಆಡುವುದು ವೃತ್ತಿಪರ ಲೀಗ್‌ಗಳ ಕೆಳಗಿನ ಹಂತದಲ್ಲಿ. ಆದರೂ ಅದರ ಹಳೆಯ ನಿಯಮಾವಳಿ ಮತ್ತು ಕಾಗದಪತ್ರಗಳು ಸುರಕ್ಷಿತವಾಗಿ ಉಳಿದವು. 2011ರ ಹರಾಜಿನಲ್ಲಿ ಸುಮಾರು 8.8 ಲಕ್ಷ ಪೌಂಡ್ ತಂದುಕೊಟ್ಟವು. ನಮ್ಮಲ್ಲಿ ರೋವರ್ಸ್ ಕಪ್ ಗೆದ್ದವರ ಕಥೆ ಹೇಳುವ ಒಂದು ಕನ್ನಡ ಪುಸ್ತಕ ಅಂಗಡಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಬೆಂಗಳೂರಿನ ಬಗ್ಗೆ ಬರೆದ ಕನ್ನಡ ಲೇಖಕರು ಬಸವನಗುಡಿ, ಮಲ್ಲೇಶ್ವರ, ಪೇಟೆಗಳ ಬಗ್ಗೆ ಪ್ರೀತಿಯಿಂದ ಬರೆದರು. ಉರ್ದು, ತಮಿಳು ಮಾತಾಡುವ ದಂಡಿನ ಮೈದಾನಗಳತ್ತ ಅಷ್ಟಾಗಿ ತಿರುಗಲಿಲ್ಲ. ಈ ಕೊರತೆ ನಮ್ಮದೇ.

ಶಿವಾಜಿನಗರ, ಹಲಸೂರು, ಆಸ್ಟಿನ್ ಟೌನ್, ದೂರವಾಣಿನಗರದ ಮನೆಗಳಲ್ಲಿ ತಂಡದ ಫೋಟೊ, ಸರ್ಟಿಫಿಕೇಟು, ಪತ್ರಿಕೆಯ ತುಣುಕು ಇಟ್ಟುಕೊಂಡವರು ಇನ್ನೂ ಇದ್ದಾರೆ. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಹಿರಿಯರನ್ನು ಕೂರಿಸಿಕೊಂಡು ಫೋಟೊದಲ್ಲಿರುವವರ ಹೆಸರು, ವರ್ಷ, ಮೈದಾನವನ್ನು ಹಿಂಬದಿಯಲ್ಲಿ ಬರೆದಿಡಿ, ಒಂದು ಪ್ರತಿ ತೆಗೆಸಿ. ರಾಜ್ಯ ಫುಟ್‌ಬಾಲ್ ಸಂಸ್ಥೆ ಅಶೋಕನಗರದ ಕ್ರೀಡಾಂಗಣದಲ್ಲಿ ಒಂದು ಕೋಣೆ ಕೊಟ್ಟು ಇವನ್ನೆಲ್ಲ ಕೂಡಿಡಲಿ.