ಲಂಡನ್ನಿನ ನೆರಳು

ಕಳೆದ ತಿಂಗಳು ಟೀಮ್ ಔಟಿಂಗಿಗೆ ನಂದಿಬೆಟ್ಟದ ಕಡೆ ಒಂದು ರೆಸಾರ್ಟಿಗೆ ಹೋಗಿದ್ವಿ. ಹುಲ್ಲಿನ ನಡುವೆ ಸೊಂಟದೆತ್ತರದ ಕಲ್ಲುಕಂಬ, ಅದರ ಮೇಲೆ ಹಸಿರುಗಟ್ಟಿದ ಹಿತ್ತಾಳೆ ತಟ್ಟೆ. ಸುತ್ತ ರೋಮನ್ ಅಂಕಿ, ಮಧ್ಯೆ ತ್ರಿಕೋನದ ರೆಕ್ಕೆ. ಬಿಸಿಲುಗಡಿಯಾರ. "ಟಿಪ್ಪು ಕಾಲದ್ದು ಸರ್" ಅಂದ್ರು ಮ್ಯಾನೇಜರ್.

ಇಂಥದರ ಊರು ಪತ್ತೆ ಹಚ್ಚೋದು ಸುಲಭ. ರೆಕ್ಕೆಯ ಓರೆ ಅಂಚು ಧ್ರುವನಕ್ಷತ್ರದತ್ತ ಮುಖ ಮಾಡಿರಬೇಕು. ಹಾಗಾಗಿ ಅದರ ಕೋನ ಆ ಊರಿನ ಅಕ್ಷಾಂಶದಷ್ಟೇ ಇರುತ್ತೆ. ನಮ್ಮ ಕಡೆಗಾದರೆ ಸುಮಾರು 13 ಡಿಗ್ರಿ, ಹೆಚ್ಚೂಕಡಿಮೆ ಮಲಗಿದ ಹಾಗೆ. ಮೊಬೈಲನ್ನು ಅಂಚಿಗೆ ಆನಿಸಿ ನೋಡಿದೆ: 51 ಚಿಲ್ಲರೆ. ಲಂಡನ್! ಅಲ್ಲಿಂದಲೇ ಬಂದದ್ದೋ, ಅಲ್ಲಿನದರ ನಕಲೋ, ಅದನ್ನು ಕೋನ ಹೇಳಲ್ಲ. ನಮ್ಮ ಬಿಸಿಲಿಗಂತೂ ಮಾಡಿದ್ದಲ್ಲ.

ಈ ಎಡವಟ್ಟು ಬಹಳ ಹಳೆಯದು. ಕ್ರಿ.ಪೂ. 263ರಲ್ಲಿ ರೋಮಿನ ಕಾನ್ಸಲ್ ವಲೇರಿಯಸ್ ಮೆಸಾಲಾ ಸಿಸಿಲಿಯ ಕಟಾನಿಯಾ ಊರನ್ನು ಗೆದ್ದು, ಅಲ್ಲಿದ್ದ ಬಿಸಿಲುಗಡಿಯಾರವನ್ನು ಕೊಳ್ಳೆಯ ಜೊತೆ ಹೊತ್ತು ತಂದ. ರೋಮಿನ ಫೋರಮ್ಮಿನಲ್ಲಿ ಕಂಬದ ಮೇಲೆ ನಿಲ್ಲಿಸಿದ್ದೂ ಆಯ್ತು. ಕಟಾನಿಯಾ ಇರೋದು 37.5 ಡಿಗ್ರಿಯಲ್ಲಿ, ರೋಮ್ ಸುಮಾರು 42ರಲ್ಲಿ. ಗೆರೆಗಳು ಹೊತ್ತಿಗೆ ತಾಳೆಯಾಗುತ್ತಿರಲಿಲ್ಲ. ಆದರೂ ಜನ 99 ವರ್ಷ ಅದನ್ನೇ ನಂಬಿ ನಡೆದರು ಅಂತ ಪ್ಲಿನಿ ಬರೆದಿಟ್ಟಿದ್ದಾನೆ. ಪ್ರೊಡಕ್ಷನ್‌ನಲ್ಲಿ 99 ವರ್ಷ ಓಡಿದ ಲೊಕೇಶನ್ ಬಗ್! ಕ್ರಿ.ಪೂ. 164ರಲ್ಲಿ ಮಾರ್ಸಿಯಸ್ ಫಿಲಿಪ್ಪಸ್ ಅದರ ಪಕ್ಕದಲ್ಲೇ ಸರಿಯಾದದ್ದನ್ನು ಇಡಿಸಿದ.

ರೋಮನ್ನರನ್ನು ನಗೋಕೆ ನನಗೆ ಮನಸ್ಸಿಲ್ಲ. ನಾಲ್ಕೂವರೆ ಡಿಗ್ರಿ ವ್ಯತ್ಯಾಸಕ್ಕೆ ತಪ್ಪಿದ್ದು ಕೆಲವು ನಿಮಿಷ. ಜೊತೆಗೆ ಅವರ ಗಂಟೆಗಳೇ ಬೇಸಿಗೆಗೆ ಹಿಗ್ಗಿ ಚಳಿಗಾಲಕ್ಕೆ ಕುಗ್ಗೋವು. ಆದರೆ ನೆರಳಿಗೂ ಊರಿದೆ ಅನ್ನೋದು ನಮ್ಮಜ್ಜನಿಗೆ ಗೊತ್ತಿತ್ತು. ಜಗಲಿ ಕಂಬದ ನೆರಳು ಮೂರನೇ ಚಪ್ಪಡಿ ದಾಟಿದರೆ ಹೊಲಕ್ಕೆ ಬುತ್ತಿ ಹೊರಡಬೇಕು. ಮಳೆಗಾಲ ಕಳೆದ ಮೇಲೆ ಲೆಕ್ಕ ಎರಡನೇ ಚಪ್ಪಡಿಗೆ. ಮನೆ ಕೆಡವಿ ಆರ್‌ಸಿಸಿ ಹಾಕಿಸಿದಾಗ ಆ ಕಂಬವನ್ನು ಯಾರೋ ಒಳ್ಳೇ ರೇಟಿಗೆ ಕೊಂಡೊಯ್ದರು. ಈಗ ಯಾವ ಹೋಟೆಲಿನಲ್ಲಿ ನಿಂತಿದೆಯೋ.

ಮ್ಯಾನೇಜರಿಗೆ ಉಪಾಯ ಹೇಳಿಕೊಟ್ಟೆ. ರೆಕ್ಕೆ ಉತ್ತರಕ್ಕೆ ಮಾಡಿ, ತಟ್ಟೆಯ ದಕ್ಷಿಣದ ಅಂಚನ್ನು 38 ಡಿಗ್ರಿ ಎತ್ತಿ ಕೂರಿಸಿ. ಆಗ ತಟ್ಟೆ ಲಂಡನ್ನಿನ ನೆಲದ ಹಾಗೇ ವಾಲುತ್ತೆ, ನೆರಳು ಸರಿಹೋಗುತ್ತೆ. ನಮ್ಮ ವಾಚಿಗಿಂತ ಇಪ್ಪತ್ತು ನಿಮಿಷ ಹಿಂದಿರುತ್ತೆ ನಿಜ, ಅದು ಐಎಸ್‌ಟಿಯ ತಪ್ಪು.

ಅವರು ತಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಅಷ್ಟು ಓರೆ ಮಾಡಿದ್ರೆ ಗೆಸ್ಟುಗಳು ಜ್ಯೂಸ್ ಗ್ಲಾಸ್ ಎಲ್ಲಿಡ್ತಾರೆ ಸರ್?"