ಸೌರಮಾರುತ ಮತ್ತು ಅದಮಾರಿನ ವಿಜ್ಞಾನಿ

ನಮಾಜಿನ ವೇಳೆಯನ್ನು ಸೂರ್ಯನಿಂದ, ಈದ್ ದಿನವನ್ನು ಚಂದ್ರದರ್ಶನದಿಂದ ಅರಿಯುವ ನಾವು ಆಕಾಶ ನೋಡದ ಜನರಲ್ಲ. ಆದರೂ ರಾಜಘಟ್ಟದಲ್ಲಿ ನಿಂತು ನೋಡುವವರಿಗೆ ಸೂರ್ಯನಿಂದ ಬರುವುದು ಬೆಳಕು ಮತ್ತು ಬಿಸಿಲು ಮಾತ್ರ. ವಿದ್ಯುತ್ ಕಣಗಳ ಗಾಳಿಯೊಂದು ಅಲ್ಲಿಂದ ಎಡೆಬಿಡದೆ ಬೀಸುತ್ತದೆಂದು 1958ರಲ್ಲಿ ಅಮೆರಿಕದ ಯೂಜಿನ್ ಪಾರ್ಕರ್ ಲೆಕ್ಕ ಹಾಕಿ ಹೇಳಿದಾಗ ಅನೇಕ ವಿಜ್ಞಾನಿಗಳೇ ನಂಬಲಿಲ್ಲ. ಅದೇ ವರ್ಷ ಎಕ್ಸ್‌ಪ್ಲೋರರ್-1 ಉಪಗ್ರಹದ ಉಪಕರಣದಿಂದ ಜೇಮ್ಸ್ ವಾನ್ ಅಲೆನ್, ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ಕಣಗಳ ವಿಕಿರಣ ಪಟ್ಟಿಯನ್ನು ಕಂಡುಹಿಡಿದರು.

ಈ ಗಾಳಿಗೂ ಭೂಮಿಗೂ ಇರುವ ನಂಟನ್ನು ಅಳೆದವರಲ್ಲಿ ನಮ್ಮ ನಾಡಿನವರೊಬ್ಬರಿದ್ದಾರೆ. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಆಗ ಅಮೆರಿಕದ ಎಂ.ಐ.ಟಿ.ಯಲ್ಲಿದ್ದರು. 1962ರ ಆಗಸ್ಟ್‌ನಲ್ಲಿ ಶುಕ್ರಗ್ರಹದತ್ತ ಹೊರಟ ಮ್ಯಾರಿನರ್-2 ನೌಕೆ ನೂರಕ್ಕೂ ಹೆಚ್ಚು ದಿನ ಈ ಗಾಳಿಯನ್ನು ಅಳೆಯಿತು. ಗಾಳಿ ಒಂದು ದಿನವೂ ನಿಂತಿರಲಿಲ್ಲ! ಸ್ನೈಡರ್, ಮಾರ್ಸಿಯಾ ನ್ಯೂಗೆಬೌರ್ ಮತ್ತು ರಾವ್ 1963ರಲ್ಲಿ ಪ್ರಕಟಿಸಿದ ಲೇಖನವು, ಗಾಳಿಯ ವೇಗ ಹೆಚ್ಚಿದಂತೆ ಭೂಕಾಂತತೆಯ ಕ್ಷೋಭೆಯೂ ಹೆಚ್ಚುತ್ತದೆಂದು ಅಂಕಿಗಳಿಂದ ತೋರಿಸಿತು. ರಾವ್ ಅವರನ್ನು ನಾವು ಆರ್ಯಭಟ ಉಪಗ್ರಹದಿಂದಲೇ ಹೆಚ್ಚು ನೆನೆಯುತ್ತೇವೆ. ಈ ಕೆಲಸ ಅದಕ್ಕಿಂತ 12 ವರ್ಷ ಹಿಂದಿನದು.

ಎಲೆಕ್ಟ್ರಾನುಗಳ ಸರದಿ ನಂತರ ಬಂತು. ವೇಗದ ಗಾಳಿ ಅಪ್ಪಳಿಸಿದಾಗ ಹೊರಪಟ್ಟಿಯ ಎಲೆಕ್ಟ್ರಾನುಗಳು ಮೊದಲು ಕಡಿಮೆಯಾಗಿ, ಒಂದೆರಡು ದಿನಗಳಲ್ಲಿ ಹಲವು ಪಟ್ಟು ಏರುವುದುಂಟು ಎಂಬುದನ್ನು 1979ರಲ್ಲಿ ಪೌಲಿಕಾಸ್ ಮತ್ತು ಬ್ಲೇಕ್ ವಿವರಿಸಿದರು. ಕಾಂತಕ್ಷೇತ್ರದಲ್ಲಿ ಏಳುವ ಅಲೆಗಳು ಅವುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ತಳ್ಳುತ್ತವೆ. ಎಲ್ಲ ಬಿರುಗಾಳಿಯೂ ಹೀಗೆ ಮಾಡುವುದಿಲ್ಲ. ಕೆಲವು ಪಟ್ಟಿಯನ್ನು ಬರಿದು ಮಾಡಿ ಹೋಗುತ್ತವೆ.

ಇಂಥ ಎಲೆಕ್ಟ್ರಾನುಗಳು ಉಪಗ್ರಹದ ಗೋಡೆ ತೂರಿ ಒಳಗೆ ಶೇಖರವಾಗಿ ಕಿಡಿ ಹಾರಿಸುತ್ತವೆ. 1994ರ ಜನವರಿಯಲ್ಲಿ ಕೆನಡಾದ ಅನಿಕ್ ಇ-1, ಇ-2 ಉಪಗ್ರಹಗಳು ಹತೋಟಿ ತಪ್ಪಿದವು; ಎರಡನೆಯದನ್ನು ಸರಿಪಡಿಸಲು ತಿಂಗಳುಗಳೇ ಹಿಡಿದವು. ನಮ್ಮ ಇನ್ಸಾಟ್‌ಗಳು ಸುತ್ತುವುದೂ ಅದೇ 36,000 ಕಿ.ಮೀ. ಎತ್ತರದಲ್ಲಿ.

2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1ರ ಸೌರದರ್ಶಕ ಸಿದ್ಧವಾದದ್ದು ನಮ್ಮದೇ ಜಿಲ್ಲೆಯ ಹೊಸಕೋಟೆಯಲ್ಲಿ. ಅದೇ ನೌಕೆಯ ಆಸ್ಪೆಕ್ಸ್ ಉಪಕರಣ 15 ಲಕ್ಷ ಕಿ.ಮೀ. ದೂರದಲ್ಲಿ ಸೌರಮಾರುತವನ್ನು ಅಳೆಯುತ್ತದೆ. ಸೆಕೆಂಡಿಗೆ 400 ಕಿ.ಮೀ. ವೇಗದ ಗಾಳಿ ಅಲ್ಲಿಂದ ನಮ್ಮನ್ನು ತಲುಪಲು ಸುಮಾರು ಒಂದು ಗಂಟೆ. ಎಲೆಕ್ಟ್ರಾನುಗಳು ಏರಲು ಮತ್ತೊಂದೆರಡು ದಿನ. ಉಪಗ್ರಹ ಕಾಯುವವರಿಗೆ ಸಿಗುವ ಸಮಯ ಅಷ್ಟೇ.