ಹದಿನಾಲ್ಕು ದೊಡ್ಡದೋ, ಹದಿನಾರು ದೊಡ್ಡದೋ? - ಸಿ.ಡಿ. ಪ್ಲೇಯರಿನೊಳಗಿನ ಒಂದು ಇತಿಹಾಸ



ಹದಿನಾಲ್ಕು ದೊಡ್ಡದೋ ಹದಿನಾರು ದೊಡ್ಡದೋ ಎಂದು ಕೇಳಿದರೆ ಒಂದನೇ ತರಗತಿಯ ಮಗುವೂ ಥಟ್ಟನೆ ಉತ್ತರ ಹೇಳೀತು. ಆದರೆ 1980ರ ದಶಕದ ಆರಂಭದಲ್ಲಿ ಫಿಲಿಪ್ಸ್ ಮತ್ತು ಸೋನಿ ಕಂಪೆನಿಗಳ ಇಂಜಿನಿಯರುಗಳಿಗೆ ಈ ಪ್ರಶ್ನೆ ಅಷ್ಟು ಸುಲಭದ್ದಾಗಿರಲಿಲ್ಲ.

ಸಿ.ಡಿ.ಯಲ್ಲಿ ಇರುವುದು ಬರೀ ಅಂಕಿಗಳು. ಧ್ವನಿಯ ಅಲೆ ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಎಂದು ಸೆಕೆಂಡಿಗೆ 44,100 ಬಾರಿ ಅಳೆದು ಬರೆದಿಟ್ಟ ಅಂಕಿಗಳು. (ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಗೊತ್ತೇ? ಆಗ ಇಂಥ ಅಂಕಿಗಳನ್ನು ವಿಡಿಯೋ ಟೇಪಿನಲ್ಲಿ ತುಂಬಿಡುತ್ತಿದ್ದರು. ಸೆಕೆಂಡಿಗೆ 60 ಚಿತ್ರಭಾಗ, ಒಂದೊಂದರಲ್ಲಿ 245 ಗೆರೆ, ಗೆರೆಗೆ 3 ಅಳತೆ. ಮಕ್ಕಳಿಂದ ಗುಣಿಸಿ ನೋಡಿಸಿ!) ಆ ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿ ಮಾಡುವ ಪುಟ್ಟ ಚಿಪ್ಪಿಗೆ ಡಿಜಿಟಲ್-ಅನಲಾಗ್ ಪರಿವರ್ತಕ, ಚುಟುಕಾಗಿ ಡ್ಯಾಕ್ ಎಂದು ಹೆಸರು. ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯುತ್ತೇವಲ್ಲ, ಅದೇ ಕೆಲಸ. ಹಾಳೆಯ ಚೌಕಗಳು ಸಣ್ಣದಾದಷ್ಟೂ ಚುಕ್ಕಿ ಸರಿಯಾದ ಜಾಗದಲ್ಲಿ ಬೀಳುತ್ತದೆ. 14 ಬಿಟ್ ಎಂದರೆ 16,384 ಮೆಟ್ಟಿಲು, 16 ಬಿಟ್ ಎಂದರೆ 65,536 ಮೆಟ್ಟಿಲು.

ಹಾಲೆಂಡಿನ ಫಿಲಿಪ್ಸ್ 14 ಬಿಟ್ ಸಾಕೆಂದಿತು. ಅದರ ಬಳಿ ಆ ಅಳತೆಯ ಒಳ್ಳೆಯ ಚಿಪ್ ತಯಾರಾಗಿತ್ತು. ಜಪಾನಿನ ಸೋನಿ 16 ಆಗಲೇಬೇಕೆಂದು ಹಟ ಹಿಡಿಯಿತು. 1980ರಲ್ಲಿ ನಿಯಮ ಗೊತ್ತಾದಾಗ ಸೋನಿಯ ಮಾತೇ ನಡೆಯಿತು. 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಸೋನಿಯ ಸಿಡಿಪಿ-101 ಮಾರಾಟಕ್ಕೆ ಬಂತು. ಬೆಲೆ 1,68,000 ಯೆನ್.

ಹಾಗಾದರೆ ಫಿಲಿಪ್ಸ್ ಸೋತಿತೇ? ಅಲ್ಲೇ ಇರುವುದು ಸ್ವಾರಸ್ಯ. ಅದು ತನ್ನ ಸಿಡಿ100 ಯಂತ್ರದಲ್ಲಿ ಟಿಡಿಎ1540 ಎಂಬ ಅದೇ 14 ಬಿಟ್ ಚಿಪ್ಪನ್ನೇ ಹಾಕಿತು! ಆದರೆ ಅದಕ್ಕೆ ಮುಂಚೆ ಒಂದು ಲೆಕ್ಕದ ಚಿಪ್ಪನ್ನು ಕೂರಿಸಿತು. ಈ ಚಿಪ್ ಎರಡು ಅಳತೆಗಳ ನಡುವೆ ಮೂರು ಹೊಸ ಬೆಲೆಗಳನ್ನು ಲೆಕ್ಕ ಹಾಕಿ ತುಂಬುತ್ತಿತ್ತು. ಸೆಕೆಂಡಿಗೆ 44,100 ಇದ್ದದ್ದು 1,76,400 ಆಯಿತು. 16ನ್ನು 14ಕ್ಕೆ ಇಳಿಸುವಾಗ ಉಳಿಯುವ ಶೇಷವನ್ನು ಎಸೆಯದೆ ಮುಂದಿನ ಲೆಕ್ಕಕ್ಕೆ ಸೇರಿಸುತ್ತಿತ್ತು. ಸಂಕಲನದಲ್ಲಿ ದಶಕ ಕೈಯಲ್ಲಿಟ್ಟುಕೊಳ್ಳುತ್ತೇವಲ್ಲ, ಸುಮಾರಾಗಿ ಹಾಗೆ. ಇದರಿಂದ ತಪ್ಪಿನ ಗದ್ದಲದ ಬಹುಪಾಲು ಮನುಷ್ಯನ ಕಿವಿಗೆ ಕೇಳಿಸದಷ್ಟು ಮೇಲಿನ ಸ್ವರಗಳಿಗೆ ಸರಿದುಹೋಯಿತು. ಕೇಳಿಸುವ ಭಾಗದಲ್ಲಿ 14 ಬಿಟ್ ಚಿಪ್ 16ರ ಹತ್ತಿರದ ಕೆಲಸ ಮಾಡಿತು.

ಸೋನಿಯ 16 ಬಿಟ್ ಯಂತ್ರದಲ್ಲಾದರೋ ಎಡ ಬಲ ಎರಡಕ್ಕೂ ಒಂದೇ ಡ್ಯಾಕ್. ಒಮ್ಮೆ ಎಡ, ಒಮ್ಮೆ ಬಲ ಎಂದು ಸರದಿಯಲ್ಲಿ ದುಡಿಯುತ್ತಿತ್ತು. ಹೀಗಾಗಿ ಒಂದು ಕಡೆಯ ಧ್ವನಿ ಸೆಕೆಂಡಿನ ಹತ್ತು ಲಕ್ಷದಲ್ಲಿ 11 ಭಾಗದಷ್ಟು ತಡವಾಗುತ್ತಿತ್ತು. ಗಾಬರಿ ಬೇಡ. ಅಷ್ಟು ಹೊತ್ತಿನಲ್ಲಿ ಶಬ್ದ ಗಾಳಿಯಲ್ಲಿ ಸಾಗುವುದು ಸುಮಾರು 4 ಮಿಲಿಮೀಟರ್. ಒಂದು ಸ್ಪೀಕರನ್ನು ಅಕ್ಕಿಕಾಳಿನಷ್ಟು ಹಿಂದೆ ಸರಿಸಿದಂತೆ, ಅಷ್ಟೆ. ಆದರೂ ಬಿಟ್ ಹೆಚ್ಚಿದ್ದ ಮಾತ್ರಕ್ಕೆ ಯಂತ್ರ ಎಲ್ಲದರಲ್ಲೂ ಮುಂದಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಫಿಲಿಪ್ಸಿನ ಈ ಉಪಾಯವನ್ನು ಮುಂದೆ ಸೋನಿ ಸೇರಿದಂತೆ ಎಲ್ಲರೂ ಹಿಡಿದರು.

1985ರ ಹೊತ್ತಿಗೆ ಫಿಲಿಪ್ಸ್ ಕೂಡ ಟಿಡಿಎ1541 ಎಂಬ 16 ಬಿಟ್ ಚಿಪ್ಪಿಗೆ ಬಂತು. ಆಮೇಲೆ ಶುರುವಾಯಿತು ನೋಡಿ ಪೈಪೋಟಿ. ಡಬ್ಬಿಯ ಮೇಲೆ 18 ಬಿಟ್, 20 ಬಿಟ್! ಡಿಸ್ಕಿನಲ್ಲಿರುವುದು ಮಾತ್ರ ಅದೇ 16. ದಶಕ ಮುಗಿಯುವಾಗ "ಬಿಟ್‌ಸ್ಟ್ರೀಮ್" ಎಂಬ ಒಂದೇ ಬಿಟ್ಟಿನ ಡ್ಯಾಕ್ ಬಂತು, ಅದನ್ನೂ ಹೊಸ ಸಾಧನೆಯೆಂದೇ ಮಾರಿದರು. ಒಂದೂ ಹೆಚ್ಚು, ಇಪ್ಪತ್ತೂ ಹೆಚ್ಚು! ಕೊಳ್ಳುವವನು ಏನೆಂದು ತಿಳಿಯಬೇಕು?

ಕಿವಿಯಿಂದಲೇ ತೀರ್ಮಾನಿಸೋಣ ಎಂದರೆ ಅಲ್ಲೂ ಒಂದು ತೊಡಕಿದೆ. ಎರಡು ಯಂತ್ರಗಳಲ್ಲಿ ಒಂದರ ಧ್ವನಿ ಕೂದಲೆಳೆಯಷ್ಟು ಜೋರಾಗಿದ್ದರೂ ನಮಗೆ ಅದೇ "ಚೆನ್ನಾಗಿದೆ" ಅನ್ನಿಸುತ್ತದೆ. ಬೆಲೆ ಗೊತ್ತಿದ್ದರಂತೂ ಕೇಳುವುದೇ ಬೇಡ. ಪರೀಕ್ಷೆಯ ಮೌಲ್ಯಮಾಪನದಲ್ಲಿ ಉತ್ತರಪತ್ರಿಕೆಯ ಮೇಲೆ ಮಗುವಿನ ಹೆಸರು ಕಾಣದಂತೆ ಮಾಡುವುದು ಇದಕ್ಕೇ ತಾನೆ? ಜಾಣನ ಪತ್ರಿಕೆ ಎಂದು ತಿಳಿದರೆ ಮೇಷ್ಟ್ರ ಕೆಂಪು ಪೆನ್ನು ತಾನಾಗಿ ಮೆತ್ತಗಾಗುತ್ತದೆ.

ಅಮೆರಿಕದ ಬೋಸ್ಟನ್ನಿನ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರನ್ ಹೀಗೆಯೇ ಹೆಸರು ಮರೆಮಾಡಿ ಪರೀಕ್ಷೆ ನಡೆಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿ.ಡಿ.ಗಿಂತ ಹೆಚ್ಚು ವಿವರವುಳ್ಳ ಎಸ್‌ಎಸಿಡಿ ಮುಂತಾದ ಡಿಸ್ಕುಗಳ ಧ್ವನಿಯನ್ನು ಒಮ್ಮೆ ನೇರವಾಗಿ ಕೇಳಿಸುವುದು, ಇನ್ನೊಮ್ಮೆ ಅದನ್ನೇ 16 ಬಿಟ್, 44,100ರ ಅಂಕಿಗಳಿಗೆ ಇಳಿಸಿ, ಮತ್ತೆ ಅಲೆಯಾಗಿಸಿ ಕೇಳಿಸುವುದು. ಎರಡರ ಗಟ್ಟಿತನವನ್ನೂ ಮೊದಲೇ ಸಮ ಮಾಡಿದ್ದರು. 554 ಸಲ ಕೇಳಿಸಿದಾಗ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು! ಹಾಡಿಲ್ಲದ ಮೌನದ ಭಾಗದಲ್ಲಿ ಧ್ವನಿಯನ್ನು ವಿಪರೀತ ಏರಿಸಿದಾಗ ಮಾತ್ರ, 16 ಬಿಟ್ಟಿನ ಸಣ್ಣ "ಸುಯ್" ಎಂಬ ಸದ್ದು ಕಿವಿಗೆ ಬಿತ್ತು.